ಮಸುಕು ಗೆರೆಯ ಸಾಕ್ಷಿ



ನಾನು ಬಿ.ಎಸ್‌ಸಿ. ಓದುತ್ತಿದ್ದ ದಿನಗಳಲ್ಲಿ ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯ ಒಂದು ಮೂಲೆಗೆ ಸದಾ ಕಪ್ಪು ಪರದೆ ಕಟ್ಟಿರುತ್ತಿತ್ತು. ಪರದೆಯ ಒಳಗೆ ಒಂದು ಸೋಡಿಯಂ ದೀಪ, ಅದರೆದುರಿಗೆ ಒಂದು ರೋಹಿತಮಾಪಕ. ದೀಪದ ಹಳದಿ ಬೆಳಕು ಸಣ್ಣದೊಂದು ಸೀಳಿನಿಂದ ಒಳಹೊಕ್ಕು, ಒತ್ತೊತ್ತಾಗಿ ಗೀರು ಕೊರೆದ ಗಾಜಿನ ಫಲಕವನ್ನು ಹಾಯ್ದು, ಕಿರುದುರ್ಬೀನಿನಲ್ಲಿ ಕಣ್ಣಿಟ್ಟವನಿಗೆ ಗೆರೆಯಾಗಿ ಕಾಣಿಸಬೇಕು. ಸೀಳನ್ನು ಸಾಕಷ್ಟು ಕಿರಿದು ಮಾಡಿದರೆ ಆ ಗೆರೆ ಒಂದಲ್ಲ, ಪಕ್ಕಪಕ್ಕದಲ್ಲಿ ನಿಂತ ಎರಡು ಎಂಬುದು ತಿಳಿಯುತ್ತದೆ. ಮಧ್ಯಾಹ್ನವೆಲ್ಲ ಹೆಣಗಿದರೂ ನನಗೆ ಆ ಎರಡು ಗೆರೆ ಕಾಣಲಿಲ್ಲ. ಕಂಡದ್ದು ದಪ್ಪನೆಯ ಒಂದು ಹಳದಿ ಪಟ್ಟಿ. ಬೇರೆ ದಾರಿಯಿಲ್ಲದೆ ಅದನ್ನೆ ಅಳೆದು ಪುಸ್ತಕದಲ್ಲಿ ಬರೆದಿಟ್ಟೆ. ನಮ್ಮ ಗುರುಗಳು ಬಂದು ಒಮ್ಮೆ ಇಣುಕಿ ನೋಡಿ, “ಗೆರೆ ಗೆರೆಯ ಹಾಗಿರಬೇಕು ಕಣಯ್ಯ, ಬರೆಯ ಹಾಗಲ್ಲ” ಎಂದರು. ಸೀಳಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಪಟ್ಟಿ ಒಡೆದು ಎರಡು ಗೆರೆಯಾಯಿತು. ನನ್ನ ಲೆಕ್ಕದ ಮೇಲೆ ಕೆಂಪು ಶಾಯಿಯ ಗೀಟು ಬಿತ್ತು.

ಗೆರೆ ಮಸುಕಾದರೆ ತಪ್ಪು ನೋಡುವವನದು ಅಥವಾ ಅವನ ಉಪಕರಣದ್ದು ಎಂಬ ಪಾಠ ಅಂದು ನನ್ನ ತಲೆಯಲ್ಲಿ ಭದ್ರವಾಗಿ ಕುಳಿತಿತು. ಮುಂದೆ ನಾನೂ ಮೇಷ್ಟರಾಗಿ ಅದೇ ಪಾಠವನ್ನು ಅದೇ ಮಾತಿನಲ್ಲಿ ನೂರಾರು ಹುಡುಗರಿಗೆ ಹೇಳಿದೆ. ಇಂದು ನಿಮ್ಮ ಮುಂದೆ ಹೇಳಹೊರಟಿರುವುದು ಆ ಪಾಠ ಸುಳ್ಳಾದ ಒಂದು ಸಂದರ್ಭವನ್ನು. ಆಕಾಶದ ನಕ್ಷತ್ರಗಳ ಬೆಳಕಿನಲ್ಲಿ ಕೆಲವು ಗೆರೆಗಳು ಎಂಥ ಒಳ್ಳೆಯ ಉಪಕರಣದಲ್ಲಿ ನೋಡಿದರೂ ಮಸುಕಾಗಿಯೇ ಕಾಣುತ್ತವೆ. ಅಲ್ಲಿ ತಪ್ಪು ಯಾರದೂ ಅಲ್ಲ. ಆ ನಕ್ಷತ್ರ ಬುಗುರಿಯಂತೆ ತಿರುಗುತ್ತಿದೆ ಎಂಬ ಸುದ್ದಿಯನ್ನು ಮಸುಕು ನಮಗೆ ತಂದುಕೊಡುತ್ತಿದೆ.

ನಮ್ಮ ಸೂರ್ಯ ತನ್ನ ಅಕ್ಷದ ಮೇಲೆ ತಿರುಗುತ್ತಾನೆಂಬುದನ್ನು ತಿಳಿಯಲು ಇಷ್ಟು ಕಷ್ಟವಿಲ್ಲ. ಅವನ ಮುಖದ ಮೇಲೆ ಕಲೆಗಳಿವೆ. 1612ರಲ್ಲಿ ಗೆಲಿಲಿಯೊ ದಿನದಿನವೂ ಆ ಕಲೆಗಳ ಚಿತ್ರ ಬರೆದು, ಅವು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗುವುದನ್ನು ತೋರಿಸಿದ. ಸೂರ್ಯನ ಸಮಭಾಜಕ ಒಂದು ಸುತ್ತು ಬರಲು ಸುಮಾರು 25 ದಿನ ಬೇಕು. ಅಲ್ಲಿ ನಿಂತವನೊಬ್ಬ ಸೆಕೆಂಡಿಗೆ 2 ಕಿಲೋಮೀಟರಿನಂತೆ ಸಾಗುತ್ತಾನೆ. ಆದರೆ ನಕ್ಷತ್ರಗಳ ಮಾತು ಬೇರೆ. ಅವಕ್ಕೆ ಮುಖವೇ ಇಲ್ಲ. ಇರುವುದು ಚುಕ್ಕೆ ಮಾತ್ರ. ಅಭಿಜಿತ್ ನಕ್ಷತ್ರವನ್ನೆ ತೆಗೆದುಕೊಳ್ಳಿ. ಪಾಶ್ಚಾತ್ಯರು ಇದನ್ನು ವೇಗಾ ಎನ್ನುತ್ತಾರೆ. ಇದು ನಮಗೆ ಹತ್ತಿರದ ನಕ್ಷತ್ರಗಳಲ್ಲೊಂದು, ದೂರ 25 ಜ್ಯೋತಿರ್ವರ್ಷ. ಇದರ ಬಿಂಬ ನಮ್ಮ ಕಣ್ಣಿಗೆ ಎಷ್ಟು ದೊಡ್ಡದು? ಹಿಂದಿನ ಕಾಲದ ಒಂದು ರೂಪಾಯಿಯ ದೊಡ್ಡ ನಾಣ್ಯವನ್ನು ದೆಹಲಿಯಲ್ಲಿಟ್ಟು ಬೆಂಗಳೂರಿನಿಂದ ನೋಡಿದರೆ ಎಷ್ಟು ಕಂಡೀತೋ ಅಷ್ಟು. ಆ ನಾಣ್ಯದ ಮೇಲಿನ ಕಲೆಯನ್ನು ಗುರುತಿಸಿ, ಅದು ಸರಿಯುವುದನ್ನು ನೋಡಿ, ನಾಣ್ಯ ತಿರುಗುತ್ತಿದೆ ಎಂದು ಹೇಳುವುದು ಹೇಗೆ?

ಕಣ್ಣಿಗೆ ಕಾಣದ್ದನ್ನು ಬೆಳಕಿನ ಬಣ್ಣದಿಂದ ತಿಳಿಯುವ ದಾರಿ 19ನೆಯ ಶತಮಾನದಲ್ಲಿ ತೆರೆಯಿತು. ಜರ್ಮನಿಯ ಗಾಜಿನ ಕುಶಲಕರ್ಮಿ ಫ್ರೌನ್‌ಹೋಫರ್ 1814ರ ಸುಮಾರಿನಲ್ಲಿ ಸೂರ್ಯನ ಬೆಳಕನ್ನು ಕಾಮನಬಿಲ್ಲಿನ ಪಟ್ಟಿಯಾಗಿ ಹರಡಿ ನೋಡಿದಾಗ ಅದರಲ್ಲಿ ಐನೂರಕ್ಕೂ ಮೇಲೆ ಕಪ್ಪು ಗೆರೆಗಳನ್ನು ಎಣಿಸಿದ. ಕಿರ್ಖಾಫ್ ಮತ್ತು ಬುನ್ಸೆನ್ ಎಂಬಿಬ್ಬರು 1859ರಲ್ಲಿ ಆ ಗೆರೆಗಳ ಅರ್ಥ ಬಿಡಿಸಿದರು. ಸೂರ್ಯನ ಅಥವಾ ನಕ್ಷತ್ರದ ಹೊರಕವಚದಲ್ಲಿರುವ ಒಂದೊಂದು ಮೂಲವಸ್ತುವೂ ತನಗೆ ಒಗ್ಗುವ ಬಣ್ಣವನ್ನಷ್ಟೆ ಹೀರಿಕೊಳ್ಳುತ್ತದೆ. ಹೀರಿದಲ್ಲಿ ಕಪ್ಪು ಗೆರೆ ಉಳಿಯುತ್ತದೆ. ಗೆರೆಯ ಸ್ಥಾನ ಆಯಾ ವಸ್ತುವಿನ ಸಹಿಯಿದ್ದಂತೆ, ಬದಲಾಗುವುದಿಲ್ಲ. ಬದಲಾದರೆ ಅದಕ್ಕೆ ಕಾರಣವಿರಬೇಕು. ಅಂಥ ಕಾರಣವೊಂದನ್ನು 1842ರಲ್ಲಿ ಡಾಪ್ಲರ್ ಹೇಳಿದ್ದ: ಬೆಳಕಿನ ಆಕರ ನಮ್ಮತ್ತ ಬರುತ್ತಿದ್ದರೆ ಗೆರೆ ನೇರಿಳೆಯ ಕಡೆಗೆ ಸರಿಯುತ್ತದೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ. ರೈಲಿನ ಸಿಳ್ಳಿನ ಸ್ವರ ಬರುವಾಗ ಏರಿ ಹೋಗುವಾಗ ಇಳಿಯುವುದನ್ನು ನೀವೆಲ್ಲ ಕೇಳಿದ್ದೀರಿ.

ಈಗ ಜಾತ್ರೆಯೊಂದನ್ನು ನೆನೆಯಿರಿ. ಮರದ ಕುದುರೆಗಳ ಮೇಲೆ ಮಕ್ಕಳನ್ನು ಕೂರಿಸಿ ನಡುಗಂಬದ ಸುತ್ತ ಗಿರಗಿರನೆ ತಿರುಗಿಸುವ ರಾಟೆ ಇರುತ್ತದಷ್ಟೆ. ಪ್ರತಿಯೊಂದು ಮಗುವಿನ ಕೈಯಲ್ಲೂ ಒಂದೇ ಶ್ರುತಿಯ ಪೀಪಿ ಇದೆ; ಎಲ್ಲರೂ ಒಟ್ಟಿಗೆ ಊದುತ್ತಿದ್ದಾರೆ. ದೂರದ ಕತ್ತಲಲ್ಲಿ ಒಬ್ಬ ಸಂಗೀತಗಾರ ನಿಂತು ಕೇಳುತ್ತಿದ್ದಾನೆ. ಅವನಿಗೆ ರಾಟೆ ಕಾಣುತ್ತಿಲ್ಲ. ರಾಟೆ ನಿಂತಿರುವಾಗ ಕೇಳಿಸುವುದು ಶುದ್ಧವಾದ ಒಂದು ಸ್ವರ. ತಿರುಗತೊಡಗಿದೊಡನೆ ಅವನತ್ತ ಬರುವ ಮಕ್ಕಳ ಸ್ವರ ತುಸು ಏರುತ್ತದೆ, ಆಚೆಗೆ ಹೋಗುವವರದು ಇಳಿಯುತ್ತದೆ, ಅಡ್ಡಲಾಗಿ ಸಾಗುವವರದು ಇದ್ದಂತೆಯೇ ಇರುತ್ತದೆ. ಎಲ್ಲವೂ ಬೆರೆತು ಕಿವಿಗೆ ಬಿದ್ದಾಗ ಸ್ವರ ದಪ್ಪವಾಗುತ್ತದೆ, ಶ್ರುತಿ ಹರಡಿಕೊಳ್ಳುತ್ತದೆ. ರಾಟೆಯ ವೇಗ ಹೆಚ್ಚಿದಷ್ಟೂ ಹರವು ಹೆಚ್ಚು. ಕಿವಿ ಚುರುಕಾದವನು ಕತ್ತಲಲ್ಲೆ ನಿಂತು ವೇಗವನ್ನು ಹೇಳಬಲ್ಲ. ಆದರೆ ಅದೇ ಸಂಗೀತಗಾರನನ್ನು ರಾಟೆಯ ನಡುಗಂಬದ ತುದಿಗೆ ಹತ್ತಿಸಿ ಕೂರಿಸಿದಿರಾದರೆ, ರಾಟೆ ಎಷ್ಟೇ ರಭಸದಿಂದ ತಿರುಗಲಿ, ಯಾವ ಮಗುವೂ ಅವನ ಹತ್ತಿರಕ್ಕೂ ಬರುವುದಿಲ್ಲ, ದೂರಕ್ಕೂ ಹೋಗುವುದಿಲ್ಲ. ಅವನಿಗೆ ಕೇಳುವುದು ಮತ್ತೆ ಅದೇ ಶುದ್ಧ ಸ್ವರ. ಈ ಕಂಬದ ತುದಿಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ನಕ್ಷತ್ರದ ವಿಷಯದಲ್ಲಿ ಈ ಯೋಚನೆಯನ್ನು ಅಚ್ಚಿಗೆ ಕೊಟ್ಟವನು ಆಬ್ನಿ ಎಂಬ ಇಂಗ್ಲಿಷ್ ಸೇನೆಯ ಇಂಜಿನಿಯರ್ ಅಧಿಕಾರಿ. ಛಾಯಾಗ್ರಹಣದಲ್ಲಿ ಪಳಗಿದ ಕೈ ಅವನದು. ನಕ್ಷತ್ರ ತಿರುಗುತ್ತಿದ್ದರೆ ಅದರ ಒಂದು ಅಂಚು ನಮ್ಮತ್ತ ಬರುತ್ತಿರುತ್ತದೆ, ಇನ್ನೊಂದು ಅಂಚು ಆಚೆ ಸರಿಯುತ್ತಿರುತ್ತದೆ. ಬಿಂಬ ಬೇರೆಯಾಗಿ ಕಾಣದಿದ್ದರೂ ಎರಡರ ಬೆಳಕೂ ಬೆರೆತು ಗೆರೆ ಅಗಲವಾಗಬೇಕು ಎಂದು ಅವನು 1877ರಲ್ಲಿ ಬರೆದ. ಬರೆದೊಡನೆ ಅದಕ್ಕೆ ಅಡ್ಡಿ ಬಂದಿತು. ಅಡ್ಡಿ ಹಾಕಿದವನು ಸಾಮಾನ್ಯನಲ್ಲ, ಜರ್ಮನಿಯ ಫೋಗೆಲ್. ಇದೇ ಫೋಗೆಲ್ 1871ರಲ್ಲಿ ಸೂರ್ಯನ ಎರಡು ಅಂಚುಗಳ ಗೆರೆಗಳನ್ನು ಹೋಲಿಸಿ, ಡಾಪ್ಲರನ ನಿಯಮದಿಂದಲೆ ಸೂರ್ಯನ ತಿರುಗುವಿಕೆಯನ್ನು ಗುರುತಿಸಿದ್ದವನು. ಅವನ ಆಕ್ಷೇಪಣೆ ಸರಳವಾಗಿತ್ತು: ನಕ್ಷತ್ರ ತಿರುಗಿದರೆ ಎಲ್ಲ ಗೆರೆಗಳೂ ಅಗಲವಾಗಬೇಕು. ತಾನು ಕಂಡ ನಕ್ಷತ್ರಗಳಲ್ಲಿ ಜಲಜನಕದ ಗೆರೆಗಳು ಮಾತ್ರ ಅಗಲ, ಲೋಹಗಳ ಗೆರೆಗಳು ತೆಳು. ಒಂದೇ ಬುಗುರಿಯಲ್ಲಿ ಒಂದು ಬಣ್ಣ ತಿರುಗಿ ಇನ್ನೊಂದು ನಿಂತಿರಲು ಸಾಧ್ಯವೆ?

ಫೋಗೆಲನ ತರ್ಕದಲ್ಲಿ ದೋಷವಿರಲಿಲ್ಲ. ಅವನು ಕಂಡ ಜಲಜನಕದ ಗೆರೆಗಳು ಅಗಲವಾಗಿದ್ದುದು ಬೇರೆ ಕಾರಣಕ್ಕೆ. ಬಿಸಿ ಅನಿಲದಲ್ಲಿ ಒಂದಕ್ಕೊಂದು ಒತ್ತಿಕೊಂಡು ಓಡಾಡುವ ವಿದ್ಯುತ್ಕಣಗಳ ಸೆಳೆತಕ್ಕೆ ಸಿಕ್ಕಿ ಜಲಜನಕದ ಗೆರೆ ತಾನಾಗಿಯೆ ಹರಡುತ್ತದೆ. ಲೋಹದ ಗೆರೆಗಳಿಗೆ ಈ ಬಾಧೆ ಬಹಳ ಕಡಿಮೆ. ವಿದ್ಯುತ್‌ಕ್ಷೇತ್ರಕ್ಕೆ ಸಿಕ್ಕ ಗೆರೆ ಒಡೆಯುತ್ತದೆಂಬುದನ್ನು ಸ್ಟಾರ್ಕ್ ಕಂಡುಹಿಡಿದದ್ದು 1913ರಲ್ಲಿ. ಅದು ಗೊತ್ತಿಲ್ಲದ ಕಾಲದಲ್ಲಿ ಫೋಗೆಲ್ ಬೇರೆ ಏನು ಹೇಳಬಹುದಿತ್ತು? ಆದರೂ ಅವನ ಮಾತಿಗೆ ಇದ್ದ ತೂಕದಿಂದ ಆಬ್ನಿಯ ಯೋಚನೆ ಬಹುಕಾಲ ಮೂಲೆ ಸೇರಿತು. ಈ ನಡುವೆ ನಕ್ಷತ್ರಗಳ ಓಟದ ವೇಗವನ್ನು ಅಳೆಯುವ ಕೆಲಸ ಭರದಿಂದ ನಡೆದಿತ್ತು. ಅಳೆಯುವವರಿಗೆ ಬೇಕಾದದ್ದು ತೆಳುವಾದ ಗೆರೆ. ಮಸುಕು ಗೆರೆಯ ನಕ್ಷತ್ರ ಬಂದರೆ ಅದು ಪೀಡೆ. ಪಟ್ಟಿಗಳಲ್ಲಿ ಅಂಥ ನಕ್ಷತ್ರದ ಮುಂದೆ ಮಸುಕು ಎಂಬರ್ಥದ ಒಂದಕ್ಷರ ಬರೆದು ಮುಂದೆ ಹೋಗುತ್ತಿದ್ದರು. ನನ್ನ ಗುರುಗಳ ಕೆಂಪು ಶಾಯಿಗೂ ಆ ಅಕ್ಷರಕ್ಕೂ ಹೆಚ್ಚಿನ ವ್ಯತ್ಯಾಸವೇನಿಲ್ಲ.

ಸಂದೇಹವನ್ನು ಹರಿಸಿದ್ದು ಗ್ರಹಣ. ಆಲ್ಗಾಲ್ ಎಂಬ ನಕ್ಷತ್ರ ಎರಡು ದಿನ ಇಪ್ಪತ್ತೊಂದು ತಾಸಿಗೊಮ್ಮೆ ಮಂಕಾಗಿ ಮತ್ತೆ ಬೆಳಗುತ್ತದೆ. ಅದರ ಸುತ್ತ ಸುತ್ತುವ ಮಬ್ಬು ಜೊತೆಗಾರನೊಬ್ಬ ಅಡ್ಡ ಬರುವುದೇ ಇದಕ್ಕೆ ಕಾರಣ. ಈಗ ಯೋಚಿಸಿ: ಜೊತೆಗಾರ ಅಡ್ಡ ಬರುವಾಗ ಮೊದಲು ನಕ್ಷತ್ರದ ಒಂದು ಅಂಚನ್ನು ಮುಚ್ಚುತ್ತಾನೆ. ಅದು ನಮ್ಮತ್ತ ಬರುತ್ತಿರುವ ಅಂಚು. ಆಗ ನಮಗೆ ಉಳಿಯುವುದು ಆಚೆ ಸರಿಯುವ ಅಂಚಿನ ಬೆಳಕು. ಗೆರೆ ಒಟ್ಟಾಗಿ ಕೆಂಪಿನತ್ತ ವಾಲುತ್ತದೆ. ಗ್ರಹಣ ಬಿಡುವ ಹೊತ್ತಿಗೆ ಮುಚ್ಚಿರುವುದು ಇನ್ನೊಂದು ಅಂಚು; ಗೆರೆ ನೇರಿಳೆಯತ್ತ ವಾಲುತ್ತದೆ. ನಕ್ಷತ್ರ ತಿರುಗದೆ ಇದ್ದರೆ ಈ ವಾಲಾಟಕ್ಕೆ ಅವಕಾಶವೇ ಇಲ್ಲ. ಬಿಂಬವನ್ನು ನಾವು ಪಾಲು ಮಾಡಲಾರೆವು. ನೆರೆಯವನು ಬಂದು ನಮಗಾಗಿ ಪಾಲು ಮಾಡಿಕೊಟ್ಟ! ಶ್ಲೆಸಿಂಜರ್ ಇಂಥ ವಾಲಾಟದ ಸುಳಿವನ್ನು 1909ರಷ್ಟು ಹಿಂದೆಯೆ ಬೇರೊಂದು ಜೋಡಿಯಲ್ಲಿ ಕಂಡಿದ್ದ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ರಾಸಿಟರ್ ಮತ್ತು ಮೆಕ್ಲಾಫ್ಲಿನ್ 1924ರಲ್ಲಿ ಅನುಮಾನಕ್ಕೆಡೆಯಿಲ್ಲದಂತೆ ತೋರಿಸಿದರು. ಮೊದಲನೆಯವನು ವೀಣಾ ಪುಂಜದ ಒಂದು ಜೋಡಿತಾರೆಯಲ್ಲಿ, ಎರಡನೆಯವನು ಆಲ್ಗಾಲಿನಲ್ಲಿ.

ಆದರೆ ಗ್ರಹಣ ಹಿಡಿಯುವ ಜೋಡಿಗಳು ಎಷ್ಟು? ಒಂಟಿ ನಕ್ಷತ್ರಗಳ ವೇಗವನ್ನು ಬರಿಯ ಗೆರೆಯ ಆಕಾರದಿಂದಲೆ ಓದಬಹುದೆಂದು ಸ್ಥಾಪಿಸಿದ ಲೇಖನ ಬಂದದ್ದು 1929ರಲ್ಲಿ. ಅದನ್ನು ಬರೆದವರು ಇಬ್ಬರು, ಶಾಯ್ನ್ ಮತ್ತು ಸ್ಟ್ರೂವ. ಆಟೊ ಸ್ಟ್ರೂವ ರಷ್ಯದ ಖಗೋಳಜ್ಞರ ದೊಡ್ಡ ಮನೆತನದವನು; ಅವನ ಮುತ್ತಾತ ವಿಲ್‌ಹೆಲ್ಮ್ ಸ್ಟ್ರೂವ ಪುಲ್ಕೊವೊ ವೀಕ್ಷಣಾಲಯವನ್ನು ಕಟ್ಟಿದವನು. ಕ್ರಾಂತಿಯ ನಂತರದ ಅಂತರ್ಯುದ್ಧದಲ್ಲಿ ಮೊಮ್ಮಗನ ಮಗ ಸೋಲುವ ಪಕ್ಷದಲ್ಲಿದ್ದ. ಸೋತ ಸೈನ್ಯದೊಡನೆ 1920ರಲ್ಲಿ ಟರ್ಕಿ ಸೇರಿ, ನಿರಾಶ್ರಿತನಾಗಿ ದಿನ ಕಳೆದು, 1921ರಲ್ಲಿ ಅಮೆರಿಕದ ಯರ್ಕಿಸ್ ವೀಕ್ಷಣಾಲಯದಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದ. ಗ್ರಿಗೊರಿ ಶಾಯ್ನ್ ರಷ್ಯದಲ್ಲೆ ಉಳಿದವನು. ಕ್ರಿಮಿಯಾದ ಸಿಮೆಯಿಜ್ ಎಂಬಲ್ಲಿ ಕಡಲ ಮೇಲಿನ ಗುಡ್ಡದ ವೀಕ್ಷಣಾಲಯ ಅವನದು. ಒಬ್ಬ ಬಿಟ್ಟುಬಂದ ದೇಶದಲ್ಲಿ ಇನ್ನೊಬ್ಬ. ಕಾಗದಗಳ ಮೂಲಕ ಕೂಡಿ ದುಡಿದರು. ಲೇಖನ ಅಚ್ಚಾದದ್ದು ಮೂರನೆಯ ದೇಶದಲ್ಲಿ, ಲಂಡನ್ನಿನ ರಾಯಲ್ ಖಗೋಳ ಸಂಘದ ಪತ್ರಿಕೆಯಲ್ಲಿ. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಸಿಮೆಯಿಜಿನ ವೀಕ್ಷಣಾಲಯ ಹಾಳಾಯಿತು. ಯುದ್ಧ ಮುಗಿದ ಮೇಲೆ ಶಾಯ್ನ್ ಕ್ರಿಮಿಯಾದಲ್ಲಿ ಹೊಸದನ್ನು ಕಟ್ಟಿಸುವ ಹೊಣೆ ಹೊತ್ತ.

ಅವರು ಹೇಳಿದ್ದರ ಸಾರವನ್ನು ಒಂದು ಲೆಕ್ಕದಿಂದ ತಿಳಿಯೋಣ. ಬಿಳಿಯ ಬಿಸಿ ನಕ್ಷತ್ರಗಳಲ್ಲಿ ಮೆಗ್ನೀಸಿಯಮ್ಮಿನ ಒಂದು ಗೆರೆಯುಂಟು. ಅದರ ತರಂಗದೂರ, ಎಂದರೆ ಅಲೆಯಿಂದ ಅಲೆಗಿರುವ ಅಂತರ, 4481 ಆಂಗ್‌ಸ್ಟ್ರಾಂ. ನಕ್ಷತ್ರದ ಸಮಭಾಜಕ ಸೆಕೆಂಡಿಗೆ 200 ಕಿಲೋಮೀಟರಿನಂತೆ ತಿರುಗುತ್ತಿದೆ ಎನ್ನಿ. ಬೆಳಕಿನ ವೇಗ 3 ಲಕ್ಷ ಕಿಲೋಮೀಟರು. ಇನ್ನೂರು ಇದರ ಸಾವಿರದ ಐನೂರನೆಯ ಒಂದು ಪಾಲು. 4481ರ ಅಷ್ಟೇ ಪಾಲು ಸುಮಾರು 3. ಎಂದರೆ ಗೆರೆ ಈ ಕಡೆಗೆ 3, ಆ ಕಡೆಗೆ 3, ಒಟ್ಟು 6 ಆಂಗ್‌ಸ್ಟ್ರಾಂ ಹರಡುತ್ತದೆ. ಒಂದು ಮಿಲಿಮೀಟರಿನಲ್ಲಿ 30 ಆಂಗ್‌ಸ್ಟ್ರಾಂ ಹಿಡಿಸುವ ಛಾಯಾಫಲಕದ ಮೇಲೆ ಇದು ಮಿಲಿಮೀಟರಿನ ಐದನೆಯ ಒಂದು ಪಾಲು. ಸೂಕ್ಷ್ಮದರ್ಶಕದಲ್ಲಿ ನೋಡುವವನಿಗೆ ಅದು ಧಾರಾಳ. ಸೂರ್ಯನ ಎರಡು ಕಿಲೋಮೀಟರಿಗೆ ಈ ಹರವು ಅದರ ನೂರನೆಯ ಒಂದು ಪಾಲು ಮಾತ್ರ. ಸೂರ್ಯನೇ ದೂರದ ನಕ್ಷತ್ರವಾಗಿದ್ದಿದ್ದರೆ ಅವನು ತಿರುಗುತ್ತಾನೆಂದು ಅಂದಿನ ಫಲಕಗಳು ಹೇಳುತ್ತಿರಲಿಲ್ಲ.

ಗೆರೆ ಬೇರೆ ಕಾರಣಗಳಿಗೂ ಅಗಲವಾಗುತ್ತದಲ್ಲ, ತಿರುಗುವಿಕೆಯದೇ ಎಂದು ತಿಳಿಯುವುದು ಹೇಗೆ ಎಂದು ನೀವು ಕೇಳಬಹುದು. ಫೋಗೆಲನ ಪ್ರಶ್ನೆಯೂ ಅದೇ. ಅದಕ್ಕೆ ಉತ್ತರ ಗೆರೆಯ ಆಕಾರದಲ್ಲೂ ಅಳತೆಯಲ್ಲೂ ಇದೆ. ನಕ್ಷತ್ರದ ಬಿಂಬವನ್ನು ಅಕ್ಷಕ್ಕೆ ಸಮಾಂತರವಾಗಿ ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿದಿರಿ ಎನ್ನಿ. ಒಂದು ಪಟ್ಟಿಯ ಮೇಲಿನ ಎಲ್ಲ ಭಾಗವೂ ನಮ್ಮ ದೃಷ್ಟಿಗೆ ಒಂದೇ ವೇಗದಲ್ಲಿರುತ್ತದೆ. ನಡುವಿನ ಪಟ್ಟಿಗಳು ಉದ್ದ, ಅಂಚಿನವು ಗಿಡ್ಡ. ಆದ್ದರಿಂದ ಗೆರೆಯ ನಡುವೆ ಕಪ್ಪು ಹೆಚ್ಚು, ಅಂಚಿಗೆ ಹೋದಂತೆ ಕಡಿಮೆ. ಅದರ ನಕ್ಷೆ ಬರೆದರೆ ತಗ್ಗಾದ ಬಟ್ಟಲಿನಂತೆ ಕಾಣುತ್ತದೆ. ಎರಡನೆಯದಾಗಿ, ತಿರುಗುವುದರಿಂದ ಗೆರೆ ಹರಡುತ್ತದೆಯೇ ಹೊರತು ಹೆಚ್ಚುವುದಿಲ್ಲ. ಒಂದು ಚಮಚ ಶಾಯಿಯನ್ನು ಕಿರಿದಾಗಿಯೂ ಸುರಿಯಬಹುದು, ಅಗಲವಾಗಿಯೂ ಬಳಿಯಬಹುದು, ಶಾಯಿ ಅಷ್ಟೇ. ಹೀರಿದ ಒಟ್ಟು ಬೆಳಕನ್ನು ಅಳೆದರೆ ಈ ಮಾತು ನಿಲ್ಲುತ್ತದೆ. ಶಾಯ್ನ್ ಮತ್ತು ಸ್ಟ್ರೂವ ಇನ್ನೊಂದು ಜಾಣ ವಾದವನ್ನೂ ಹೂಡಿದರು. ತೀರ ಹತ್ತಿರದ ಜೋಡಿತಾರೆಗಳು ಒಂದನ್ನೊಂದು ಕೆಲವೇ ದಿನಗಳಲ್ಲಿ ಸುತ್ತುತ್ತವೆ. ಪರಸ್ಪರ ಸೆಳೆತದಿಂದಾಗಿ ಅವು ತಮ್ಮ ಅಕ್ಷದ ಮೇಲೂ ಅಷ್ಟೇ ಅವಧಿಯಲ್ಲಿ ತಿರುಗಬೇಕು, ನಮ್ಮ ಚಂದ್ರನ ಹಾಗೆ. ಹಾಗಿದ್ದರೆ ಅವಧಿ ಕಿರಿದಾದಷ್ಟೂ ಗೆರೆ ಅಗಲವಾಗಿರಬೇಕು. ನೋಡಿದರು, ಹಾಗೆಯೇ ಇತ್ತು. ಮೂಲೆಗೆಸೆದಿದ್ದ ಮಸುಕು ಗೆರೆಗಳ ಫಲಕಗಳು ಅಂದಿನಿಂದ ಬೆಲೆಬಾಳುವ ಆಸ್ತಿಯಾದುವು.

ಅನಂತರ ಅಳತೆಗಳ ಮಹಾಪೂರವೇ ಹರಿಯಿತು. ಅದನ್ನೆಲ್ಲ ವಿವರಿಸುವುದಿಲ್ಲ. ಗಾಯಾ ಉಪಗ್ರಹದ ಪಟ್ಟಿಯಲ್ಲಿ 2022ರಲ್ಲಿ ಸುಮಾರು 35 ಲಕ್ಷ ನಕ್ಷತ್ರಗಳ ಗೆರೆಯಗಲ ಅಚ್ಚಾಯಿತೆಂದರೆ ಸಾಕು. ಅವುಗಳಲ್ಲೆಲ್ಲ ನನ್ನನ್ನು ಬಹಳ ಕಾಡುವ ಸಂಗತಿ ಒಂದಿದೆ. ಬಿಸಿಯಾದ ಬಿಳಿ, ನೀಲಿ ನಕ್ಷತ್ರಗಳು ಸಾಮಾನ್ಯವಾಗಿ ನೂರಾರು ಕಿಲೋಮೀಟರಿನ ವೇಗದಲ್ಲಿ ತಿರುಗುತ್ತವೆ. ಉಷ್ಣತೆ ಇಳಿಯುತ್ತ ಸೂರ್ಯನಂಥ ಹಳದಿ ನಕ್ಷತ್ರಗಳ ಸಮೀಪಕ್ಕೆ ಬಂದಾಗ ವೇಗ ಮೆಲ್ಲಗೆ ಇಳಿಯುವುದಿಲ್ಲ, ಮೆಟ್ಟಿಲು ತಪ್ಪಿದಂತೆ ಬೀಳುತ್ತದೆ. ಕ್ರಾಫ್ಟ್ ಎಂಬಾತ 1967ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದ. ಸ್ಟ್ರೂವ ಇದಕ್ಕೊಂದು ಮನೋಹರವಾದ ಕಾರಣ ಊಹಿಸಿದ್ದ. ನಮ್ಮ ಸೌರವ್ಯೂಹದ ತಿರುಗುವ ಬಲವೆಲ್ಲ ಗ್ರಹಗಳಲ್ಲಿದೆ, ಸೂರ್ಯನಲ್ಲಿ ಅತ್ಯಲ್ಪ. ಹಾಗೆಯೆ ಈ ಹಳದಿ ನಕ್ಷತ್ರಗಳೂ ತಮ್ಮ ಬುಗುರಿಯಾಟವನ್ನು ಗ್ರಹಗಳಿಗೆ ಕೊಟ್ಟು ತಾವು ತಣ್ಣಗಾಗಿವೆ. ಆದ್ದರಿಂದ ಗ್ರಹಗಳು ಎಲ್ಲೆಲ್ಲೂ ಇರಬೇಕು! ನಕ್ಷತ್ರದ ತೂಗಾಟದಿಂದ ಅವನ್ನು ಹುಡುಕಿರೆಂದು 1952ರಲ್ಲೆ ಬರೆದ. ಇಂದಿನ ವಿವರಣೆ ಬೇರೆ. ಹಳದಿ ನಕ್ಷತ್ರಗಳಿಗೆ ಕಾಂತಕ್ಷೇತ್ರವುಂಟು. ಅವುಗಳಿಂದ ಬೀಸುವ ಕಣಗಾಳಿ ಆ ಕ್ಷೇತ್ರಕ್ಕೆ ತೊಡರಿ ದೂರದವರೆಗೂ ಜೊತೆಗೆ ತಿರುಗಿ, ಕೈಚಾಚಿ ತಿರುಗುವ ಹುಡುಗಿಯಂತೆ ನಕ್ಷತ್ರವನ್ನು ನಿಧಾನಗೊಳಿಸುತ್ತದೆ. ಇದನ್ನು ಶಾಟ್ಸ್‌ಮನ್ 1962ರಲ್ಲಿ ಹೇಳಿದ. ಎಂದರೆ ಸ್ಟ್ರೂವನ ಕಾರಣ ನಿಲ್ಲಲಿಲ್ಲ. ಆದರೆ ಗ್ರಹಗಳು ಇದ್ದವು. 1995ರಲ್ಲಿ ಮೇಯರ್ ಮತ್ತು ಕೆಲೋ ಸೂರ್ಯನಂಥ ನಕ್ಷತ್ರದ ಸುತ್ತ ಮೊದಲನೆಯದನ್ನು ಕಂಡರು, ಅವನು ಸೂಚಿಸಿದ ವಿಧಾನದಿಂದಲೆ. ಅವನು ಆಗ ತೀರಿಕೊಂಡು ಮೂವತ್ತೆರಡು ವರ್ಷವಾಗಿತ್ತು.

ಇನ್ನು ಕಂಬದ ತುದಿಯ ಮಾತಿಗೆ ಬರುತ್ತೇನೆ. ಗೆರೆಯ ಅಗಲ ನಮಗೆ ಹೇಳುವುದು ನಕ್ಷತ್ರದ ನಿಜವಾದ ವೇಗವನ್ನಲ್ಲ. ಆ ವೇಗದಲ್ಲಿ ನಮ್ಮ ದೃಷ್ಟಿಯ ನೇರಕ್ಕೆ ಬೀಳುವ ಪಾಲನ್ನು ಮಾತ್ರ. ನಕ್ಷತ್ರದ ಅಕ್ಷ ನಮ್ಮ ದೃಷ್ಟಿಗೆ ಅಡ್ಡವಾಗಿದ್ದರೆ ಪೂರ್ತಿ ವೇಗ ಕಾಣುತ್ತದೆ. ಅಕ್ಷ ನಮ್ಮತ್ತ ಓರೆಯಾದಷ್ಟೂ ಕಾಣುವ ವೇಗ ಕುಗ್ಗುತ್ತದೆ. ನೆತ್ತಿಯೇ ನಮ್ಮ ಕಡೆಗಿದ್ದರೆ ಏನೂ ಕಾಣದು. ಅಕ್ಷದ ಓರೆ ಎಷ್ಟೆಂದು ಗೆರೆಯ ಅಗಲ ಹೇಳುವುದಿಲ್ಲ. ಆದ್ದರಿಂದ ಅಗಲವಾದ ಗೆರೆಯ ನಕ್ಷತ್ರ ರಭಸದ್ದು ಎಂದು ಧೈರ್ಯವಾಗಿ ಹೇಳಬಹುದು. ತೆಳು ಗೆರೆಯ ನಕ್ಷತ್ರ ನಿಧಾನದ್ದು ಎಂದು ಹೇಳುವಂತಿಲ್ಲ. ಸಾಕ್ಷಿ ಇದ್ದಾಗ ತೀರ್ಪು ಕೊಡಬಹುದು, ಸಾಕ್ಷಿ ಇಲ್ಲದ್ದನ್ನೆ ಸಾಕ್ಷಿಯೆಂದು ಹಿಡಿಯುವಂತಿಲ್ಲ.

ಈ ತೊಡಕಿಗೆ ಗಣಿತದ ಒಂದು ಪರಿಹಾರವನ್ನು ಕೊಟ್ಟವರು ನಮ್ಮವರೇ ಆದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರನ್ನು 1937ರಲ್ಲಿ ಯರ್ಕಿಸ್‌ಗೆ ಬರಮಾಡಿಕೊಂಡವನು ಇದೇ ಸ್ಟ್ರೂವ. ಮ್ಯೂಂಖ್ ಎಂಬ ಮೆಕ್ಸಿಕೋದ ಸಹೋದ್ಯೋಗಿಯೊಡನೆ 1950ರಲ್ಲಿ ಅವರು ಬರೆದ ಲೇಖನದ ಸಮೀಕರಣಗಳು ನನ್ನಂಥವನ ಕೈಗೆ ಸುಲಭವಾಗಿ ಸಿಕ್ಕುವುವಲ್ಲ. ತಾತ್ಪರ್ಯ ಮಾತ್ರ ಹೇಳುತ್ತೇನೆ. ನಕ್ಷತ್ರಗಳ ಅಕ್ಷಗಳು ಎಲ್ಲ ದಿಕ್ಕಿಗೂ ಯದ್ವಾತದ್ವಾ ಚಾಚಿವೆ ಎಂದು ಒಪ್ಪಿದರೆ, ಒಂದು ದೊಡ್ಡ ಗುಂಪಿನ ಕಾಣುವ ವೇಗಗಳಿಂದ ಆ ಗುಂಪಿನ ನಿಜವೇಗಗಳ ಹಂಚಿಕೆಯನ್ನು ಲೆಕ್ಕ ಹಾಕಿ ತೆಗೆಯಬಹುದು. ಸರಾಸರಿಯಲ್ಲಿ ಕಾಣುವುದು ನಿಜದ ನೂರಕ್ಕೆ 78 ಪಾಲು. ಊರಿನ ಬಗ್ಗೆ ಹೇಳಬಹುದು, ಇಂಥ ಮನೆಯ ಬಗ್ಗೆ ಹೇಳಲಾಗದು. ಒಂದು ನಕ್ಷತ್ರವನ್ನು ಬೆರಳಿಟ್ಟು ತೋರಿಸಿ ಇದರ ನಿಜವೇಗ ಎಷ್ಟು ಎಂದರೆ ಚಂದ್ರಶೇಖರ್ ಅವರ ಸಮೀಕರಣವೂ ಸುಮ್ಮನಿರುತ್ತದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ನಮ್ಮ ಪಂಚಾಂಗದವರು ಒಂದು ಕಾಲಕ್ಕೆ ಇಪ್ಪತ್ತೆಂಟು ನಕ್ಷತ್ರಗಳನ್ನು ಎಣಿಸುವಾಗ ಅಭಿಜಿತ್ತನ್ನೂ ಶ್ರವಣವನ್ನೂ ಅಕ್ಕಪಕ್ಕ ಇಟ್ಟರು. ಅಭಿಜಿತ್ತನ್ನು ಆಮೇಲೆ ಕೈಬಿಟ್ಟರು. ನಾನು ತರಗತಿಯಲ್ಲಿ ಗೆರೆಯ ಪಾಠ ಹೇಳುವಾಗ ಈ ಜೋಡಿಯನ್ನೆ ಉದಾಹರಣೆಗೆ ತರುತ್ತಿದ್ದೆ. ಎರಡೂ ಬಿಳಿಯ ಬಿಸಿ ನಕ್ಷತ್ರಗಳು. ಗೆರೆಯಿಂದ ಅಳೆದರೆ ಶ್ರವಣದ ವೇಗ ಸೆಕೆಂಡಿಗೆ ಸುಮಾರು 240 ಕಿಲೋಮೀಟರು. ಅಭಿಜಿತ್ತಿನದು ಇಪ್ಪತ್ತೇ ಚಿಲ್ಲರೆ. “ನೋಡಿರಪ್ಪ, ಶ್ರವಣ ಚುರುಕು, ಅಭಿಜಿತ್ ನಿಧಾನಿ” ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಓರೆಯ ಮಾತನ್ನು ಹೇಳಿ, ಆ ಮಾತು ಮುಗಿಯುವ ಮೊದಲೇ ಅದನ್ನು ಮರೆತು, ಹೀಗೆ ಬರೆಯುತ್ತಿದ್ದೆ.

ಅಭಿಜಿತ್ತಿನ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ. ಸ್ಟ್ರೂವನ ಮುತ್ತಾತ 1837ರಲ್ಲಿ ದೂರ ಅಳೆದು ಪ್ರಕಟಿಸಿದ್ದು ಇದರದೆ. ಸೂರ್ಯನನ್ನು ಬಿಟ್ಟರೆ ಮೊದಲು ಛಾಯಾಚಿತ್ರಕ್ಕೆ ಸಿಕ್ಕ ನಕ್ಷತ್ರ ಇದು, 1850ರಲ್ಲಿ. ರೋಹಿತದ ಗೆರೆಗಳು ಮೊದಲು ಫಲಕದ ಮೇಲೆ ಮೂಡಿದ ನಕ್ಷತ್ರವೂ ಇದೇ, 1872ರಲ್ಲಿ. ಉಳಿದ ನಕ್ಷತ್ರಗಳ ಪ್ರಕಾಶವನ್ನೂ ಬಣ್ಣವನ್ನೂ ಅಳೆಯಲು ಇದನ್ನು ಮಾನದಂಡವಾಗಿ ಇಟ್ಟುಕೊಂಡರು. ಅಂಗಡಿಯ ಸೇರು ಬಳ್ಳದ ಮೇಲೆ ಯಾರು ಸಂಶಯ ಪಡುತ್ತಾರೆ? ಆದರೆ ಅದು ತನ್ನ ವರ್ಗಕ್ಕೆ ಮೀರಿ ಬೆಳಗುತ್ತಿದೆ ಎಂಬ ಕಸಿವಿಸಿ ಕೆಲವರಿಗಿತ್ತು. ಕೆನಡಾದ ಗ್ರೇ 1985ರಲ್ಲಿ, ಇದು ರಭಸದಿಂದ ತಿರುಗುವ ನಕ್ಷತ್ರವಾಗಿದ್ದು ತನ್ನ ಧ್ರುವವನ್ನು ನಮ್ಮ ಕಡೆಗೆ ಮಾಡಿರಬಹುದೆಂದು ಸೂಚಿಸಿದ. ಅಕ್ಷಗಳು ಯದ್ವಾತದ್ವಾ ಇರುವಾಗ ಒಂದು ನಕ್ಷತ್ರದ ನೆತ್ತಿ ಐದು ಡಿಗ್ರಿಯೊಳಗೆ ನಮ್ಮತ್ತ ಇರುವ ಸಂಭವ ಸಾವಿರಕ್ಕೆ ನಾಲ್ಕು. ನಂಬುವುದು ಸುಲಭವಿರಲಿಲ್ಲ. 1994ರಲ್ಲಿ ಗಲಿವರ್, ಹಿಲ್, ಆಡಲ್ಮನ್ ಎಂಬ ಮೂವರು ಬಹಳ ಸೂಕ್ಷ್ಮವಾದ ರೋಹಿತಗಳಲ್ಲಿ ಅದರ ಸಣ್ಣ ಗೆರೆಗಳನ್ನು ಪರೀಕ್ಷಿಸಿದರು. ಅವು ತೆಳುವೇನೋ ಹೌದು. ಆದರೆ ತಳ ಬಟ್ಟಲಿನಂತೆ ಇರಲಿಲ್ಲ, ತಟ್ಟೆಯಂತೆ ಚಪ್ಪಟೆಯಾಗಿತ್ತು.

ಇದಕ್ಕೆ ಕಾರಣ ಹೀಗೆ. ರಭಸದಿಂದ ತಿರುಗುವ ನಕ್ಷತ್ರ ನಡುವಿನಲ್ಲಿ ಉಬ್ಬುತ್ತದೆ. ಉಬ್ಬಿದ ಭಾಗ ಒಡಲಿನ ಬಿಸಿಯಿಂದ ದೂರವಾಗಿ ತಂಪಾಗುತ್ತದೆ, ಧ್ರುವ ಬಿಸಿಯಾಗಿ ಉಳಿಯುತ್ತದೆ. ನೆತ್ತಿಯ ಕಡೆಯಿಂದ ನೋಡುವ ನಮಗೆ ನಡುವೆ ಬಿಸಿ, ಸುತ್ತಲಿನ ಅಂಚಿನಲ್ಲಿ ತಂಪು. ತಂಪಿನಲ್ಲಿ ಮಾತ್ರ ಚೆನ್ನಾಗಿ ಏಳುವ ಕೆಲವು ಲೋಹದ ಗೆರೆಗಳು ನಡುವಿನಿಂದ ಬರುವುದಿಲ್ಲ, ಅಂಚಿನಿಂದಲೇ ಬರುತ್ತವೆ. ಆದ್ದರಿಂದ ಗೆರೆಯ ನಡುವಿನ ಕಪ್ಪು ಇಲ್ಲವಾಗಿ ತಳ ಚಪ್ಪಟೆಯಾಗುತ್ತದೆ. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಚದುರಿಸಿಟ್ಟ ದೂರದರ್ಶಕಗಳ ಬೆಳಕನ್ನು ಕೂಡಿಸಿ ಅಳೆದಾಗ, 2006ರಲ್ಲಿ, ಬಿಂಬದಲ್ಲೆ ಈ ವ್ಯತ್ಯಾಸ ಸಿಕ್ಕಿತು: ಸಮಭಾಜಕ ಧ್ರುವಕ್ಕಿಂತ ಸಾವಿರ ಡಿಗ್ರಿಗೂ ಹೆಚ್ಚು ತಂಪು. ದೆಹಲಿಯ ನಾಣ್ಯದ ಮೇಲಿನ ಕಲೆ ಕಡೆಗೂ ಕಂಡಿತೆನ್ನಬೇಕು. ಅಭಿಜಿತ್ತಿನ ನಿಜವೇಗ ಸೆಕೆಂಡಿಗೆ ಸುಮಾರು 200 ಕಿಲೋಮೀಟರು ಅಥವಾ ಅದಕ್ಕೂ ಮೇಲೆ; ಒಂದು ಸುತ್ತಿಗೆ ಒಂದು ದಿನವೂ ಬೇಡ. ನೆತ್ತಿ ನಮ್ಮ ದೃಷ್ಟಿಯಿಂದ ಐದಾರು ಡಿಗ್ರಿಯಷ್ಟೆ ಓರೆ. ನೂರಾರು ನಕ್ಷತ್ರಗಳಲ್ಲಿ ಒಂದಕ್ಕೆ ಇರಬಹುದಾದ ಈ ನಿಲುವು, ಮನುಷ್ಯ ಹುಡುಕಿ ಹುಡುಕಿ ಮಾನದಂಡವೆಂದು ಆರಿಸಿಕೊಂಡ ನಕ್ಷತ್ರಕ್ಕೇ ಬಂದಿತ್ತು. ಶ್ರವಣದ್ದಾದರೋ ಮೊದಲಿನಿಂದಲೂ ಬಚ್ಚಿಟ್ಟುಕೊಳ್ಳುವ ಸ್ವಭಾವವಲ್ಲ. ಹತ್ತು ತಾಸಿಗೂ ಕಡಿಮೆ ಹೊತ್ತಿನಲ್ಲಿ ಒಂದು ಸುತ್ತು ಬಂದು, ನಡು ಉಬ್ಬಿ ಕುಂಬಳಕಾಯಿಯಂತಾಗಿರುವ ಅದರ ಚಿತ್ರವನ್ನೂ ಅದೇ ಬೆಟ್ಟದಿಂದ 2007ರಲ್ಲಿ ತೆಗೆದರು.

ಈ ಸುದ್ದಿ ಓದಿದ ದಿನ ನನ್ನ ಹಳೆಯ ಪಾಠದ ಟಿಪ್ಪಣಿಯನ್ನು ಹುಡುಕಿ ತೆಗೆದೆ. “ಅಭಿಜಿತ್ ನಿಧಾನಿ” ಎಂಬ ಸಾಲು ಅಲ್ಲಿ ಹಾಗೆಯೇ ಇತ್ತು. ಅದರ ಮೇಲೆ ಕೆಂಪು ಶಾಯಿಯ ಗೀಟು ಎಳೆದೆ. ಪಾಠ ಕೇಳಿಹೋದ ಹುಡುಗರ ಪುಸ್ತಕಗಳಲ್ಲಿ ಗೀಟು ಎಳೆಯುವವರು ಯಾರು? ಅವರಲ್ಲಿ ಯಾರಾದರೂ ಈಗ ರೇಡಿಯೊ ಹಾಕಿದ್ದರೆ, ಇದೇ ತಿದ್ದುಪಡಿ ಎಂದು ದಯಮಾಡಿ ತಿಳಿಯಬೇಕು.

ಮಳೆಗಾಲ ಹಿಂದೆಗೆದ ಮೇಲೆ, ಅಕ್ಟೋಬರಿನ ಸಂಜೆ ಏಳು ಏಳೂವರೆಗೆ ಬಯಲಿಗೆ ಬನ್ನಿ. ನೆತ್ತಿಯ ಹತ್ತಿರವೆ, ತುಸು ಪಡುವಣಕ್ಕೆ, ಎರಡು ಸಣ್ಣ ಚುಕ್ಕೆಗಳ ನಡುವೆ ಹೊಳೆಯುವುದು ಶ್ರವಣ. ಅಲ್ಲಿಂದ ವಾಯವ್ಯದ ಕಡೆಗೆ ಇಳಿದರೆ ಅದಕ್ಕಿಂತಲೂ ಪ್ರಖರವಾದ, ನೀಲಿ ಬೆರೆತ ಬಿಳಿಯ ನಕ್ಷತ್ರವೊಂದು ಕಾಣುತ್ತದೆ. ಅದೇ ಅಭಿಜಿತ್. ನೀವು ನೋಡುತ್ತಿರುವುದು ಅದರ ನೆತ್ತಿಯನ್ನು.